ಹಗೇವಿನ ಗಾಳಿ: ಇಳಿಯುವ ಮುನ್ನ ತಿಳಿಯಬೇಕಾದುದು

ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಬಲ್ಲನು. ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಗಾಳಿಯಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಇಷ್ಟು ಮುಖ್ಯವಾದ ವಸ್ತು ಕಣ್ಣಿಗೆ ಕಾಣದಿರುವುದರಿಂದ ಅದರ ಇರವನ್ನಾಗಲಿ ಕೊರತೆಯನ್ನಾಗಲಿ ನಾವು ಎಣಿಸುವುದಿಲ್ಲ. ಬಯಲಿನಲ್ಲಿ ಈ ಅಲಕ್ಷ್ಯದಿಂದ ಕೇಡಿಲ್ಲ. ಬಾಯಿ ಕಿರಿದಾಗಿ ಒಳಗೆ ಗಾಳಿಯಾಡದ ಆಳದ ತಾಣಗಳಲ್ಲಿ ಮಾತ್ರ ಅದು ಪ್ರಾಣಕ್ಕೆ ಎರವಾಗುತ್ತದೆ. ಹಗೇವು, ಹಾಳುಬಾವಿ, ನೆಲದೊಳಗಿನ ನೀರಿನ ತೊಟ್ಟಿ, ಗೋಬರ್ ಗ್ಯಾಸಿನ ಗುಂಡಿ, ಶೌಚದ ಗುಂಡಿ ಇವೆಲ್ಲ ನಮ್ಮ ಮನೆ, ಹಿತ್ತಲು, ಹೊಲಗಳಲ್ಲಿಯೇ ಇರುವಂಥವು. ಆದುದರಿಂದ ಇದು ಕಾರ್ಖಾನೆಯವರ ವಿಷಯವೆಂದು ಸಂಸಾರಿಗರು ಕೈಬಿಡುವಂತಿಲ್ಲ.

ಕಾಳನ್ನು ಕಾಯುವುದೇ ಆಳನ್ನು ಕೊಲ್ಲುವುದು

ಉತ್ತರ ಕರ್ನಾಟಕದ ಹಿರಿಯರಿಗೆ ಹಗೇವಿನ ಪರಿಚಯ ಮಾಡಿಕೊಡಬೇಕಾಗಿಲ್ಲ; ಇಂದಿನ ಮಕ್ಕಳಿಗಾಗಿ ಎರಡು ಮಾತು. ನೀರು ಜಿನುಗದ ಗಟ್ಟಿ ನೆಲವನ್ನು ಆರಿಸಿ, ಒಬ್ಬನು ಇಳಿಯುವಷ್ಟು ಮಾತ್ರ ಬಾಯಿ ಬಿಟ್ಟು, ಒಳಗೆ ಕೊಡದ ಹೊಟ್ಟೆಯಂತೆ ಅಗಲವಾಗಿ ತೋಡಿ, ತಳಕ್ಕೂ ಗೋಡೆಗೂ ಜೋಳದ ದಂಟು, ಹುಲ್ಲುಗಳನ್ನು ಒತ್ತಾಗಿ ಹೊದಿಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆ ಅದೇ ಆಸರೆಯಾಗಿತ್ತು. ಯಾವ ಔಷಧಿಯೂ ಇಲ್ಲದೆ ಆ ಜೋಳಕ್ಕೆ ಹುಳ ಹತ್ತುತ್ತಿರಲಿಲ್ಲವೇಕೆ?

ಕಾಳು ಜೀವವುಳ್ಳ ಬೀಜವಾದುದರಿಂದ ಅದೂ ಉಸಿರಾಡುತ್ತದೆ. ಕಾಳು, ಹುಳ, ಬೂಷ್ಟು ಇವೆಲ್ಲವೂ ಕೂಡಿ ಒಳಗಿನ ಆಮ್ಲಜನಕವನ್ನು ಹೀರಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ಬಾಯಿ ಮುಚ್ಚಿರುವುದರಿಂದ ಹೊಸ ಗಾಳಿ ಬರುವುದಿಲ್ಲ. ಕೊನೆಗೆ ಹುಳವು ಉಸಿರುಗಟ್ಟಿ ಸಾಯುತ್ತದೆ, ಕಾಳು ಉಳಿಯುತ್ತದೆ. ಹಿರಿಯರ ಜಾಣ್ಮೆ ಇಲ್ಲಿದೆ. ಅಪಾಯವೂ ಇಲ್ಲಿಯೇ ಇದೆ. ಹುಳವನ್ನು ಕೊಂದ ಆ ಗಾಳಿಯು ಮನುಷ್ಯನನ್ನು ಬಿಟ್ಟೀತೆ? ಇಂಗಾಲದ ಡೈ ಆಕ್ಸೈಡು ಸಾಮಾನ್ಯ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದರಿಂದ ಮುಚ್ಚಳ ತೆಗೆದ ಮೇಲೆಯೂ ತಳದಲ್ಲಿಯೇ ನಿಂತಿರುತ್ತದೆ. ಕಾಳು ಬರಿದಾದಂತೆ ಆಳು ತಳಕ್ಕಿಳಿಯಬೇಕಾಗುವುದರಿಂದ ಕೇಡು ಅಲ್ಲಿ ಕಾದಿರುತ್ತದೆ.

ಬಯಲಿನ ಗಾಳಿಯಲ್ಲಿ ಆಮ್ಲಜನಕವು ಶೇಕಡಾ 21ರಷ್ಟಿರುತ್ತದೆ. ಅದು 19.5ಕ್ಕಿಂತ ಕಡಿಮೆಯಾದ ಸ್ಥಳಕ್ಕೆ ಇಳಿಯಬಾರದೆಂಬುದು ತಜ್ಞರು ಒಪ್ಪಿದ ಮಿತಿ. 16ರ ಸುಮಾರಿಗೆ ಬುದ್ಧಿ ಮಂಕಾಗುತ್ತದೆ. 10ಕ್ಕಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತದೆ. 6ಕ್ಕಿಂತ ಕಡಿಮೆಯಾದರೆ ಕೆಲವೇ ಉಸಿರುಗಳಲ್ಲಿ ಮನುಷ್ಯನು ಕುಸಿಯುತ್ತಾನೆ. ತಲೆ ತಿರುಗಿದರೆ ಮೇಲೆ ಬಂದರಾಯಿತು ಎಂದುಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು: ತಲೆ ತಿರುಗುವ ಹೊತ್ತಿಗೆ ಏಣಿ ಹತ್ತುವ ಶಕ್ತಿಯು ಕೈಕಾಲುಗಳಲ್ಲಿ ಉಳಿದಿರುವುದಿಲ್ಲ.

ಕಂದೀಲಿನ ಸಾಕ್ಷಿ ಎಷ್ಟರಮಟ್ಟಿಗೆ?

ಹಗೇವನ್ನು ತೆರೆದ ಕೂಡಲೆ ಇಳಿಯದೆ ಗಾಳಿಯಾಡಲು ಬಿಡುವುದೂ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುವುದೂ ಹಳೆಯ ರೂಢಿ. ದೀಪ ಆರಿದರೆ ಇಳಿಯಬಾರದು ಎಂಬ ಅವರ ನಿಯಮ ಇಂದಿಗೂ ಸತ್ಯ. ಆದರೆ ದೀಪ ಉರಿದರೆ ಇಳಿಯಬಹುದು ಎಂಬ ಮಾತು ಅಷ್ಟೇ ಸತ್ಯವಲ್ಲ. ದೀಪವು ಆರುವುದು ಆಮ್ಲಜನಕ ಶೇಕಡಾ 16ರ ಆಸುಪಾಸಿಗೆ ಇಳಿದಾಗ. ಅದಕ್ಕೆ ಮುಂಚೆಯೇ ಗಾಳಿಯು ಮನುಷ್ಯನಿಗೆ ಕೆಟ್ಟದ್ದಾಗಿರುತ್ತದೆ.

ಶೌಚದ ಗುಂಡಿ, ಗೋಬರ್ ಗ್ಯಾಸಿನ ಗುಂಡಿಗಳಲ್ಲಂತೂ ದೀಪವನ್ನು ಇಳಿಬಿಡುವುದೇ ಮಹಾ ಅಪಾಯ. ಅಲ್ಲಿ ಹುಟ್ಟುವ ಮೀಥೇನ್ ಅನಿಲವು ಗಾಳಿಯಲ್ಲಿ ಶೇಕಡಾ 5ರಿಂದ 15ರವರೆಗೆ ಬೆರೆತಿದ್ದರೆ ಕಿಡಿ ತಗುಲಿದೊಡನೆ ಸಿಡಿಯುತ್ತದೆ. ಅದರ ಜೊತೆಗಿರುವ ಹೈಡ್ರೋಜನ್ ಸಲ್ಫೈಡ್ ಇನ್ನೂ ವಂಚಕ. ಅಲ್ಪವಾಗಿರುವಾಗ ಕೊಳೆತ ತತ್ತಿಯ ನಾತ ಬೀರುವ ಈ ವಿಷವು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲಿನಷ್ಟಾದರೆ ಮೂಗಿನ ಶಕ್ತಿಯನ್ನೇ ಅಡಗಿಸಿಬಿಡುತ್ತದೆ. ನಾತ ನಿಂತಿತು, ಇನ್ನು ಭಯವಿಲ್ಲ ಎಂದು ಇಳಿಯುವವನು ಆಗಲೇ ಮೃತ್ಯುವಿನ ಬಾಯಿಯಲ್ಲಿರುತ್ತಾನೆ. ಕದಡದ ಕೆಸರಿನಲ್ಲಿ ಅಡಗಿದ್ದ ಅನಿಲವು ಕಾಲಿಟ್ಟು ಕಲಕಿದಾಗ ಒಮ್ಮೆಲೆ ಮೇಲೇಳುತ್ತದೆ ಎಂಬುದನ್ನೂ ಮರೆಯಬಾರದು.

ಹೊಲಸೇ ಇಲ್ಲದ ಕಡೆಯೂ ಅಪಾಯವುಂಟು. ಹೊಸದಾಗಿ ಕಟ್ಟಿದ ನೀರಿನ ತೊಟ್ಟಿಯಲ್ಲಿ ಸೆಂಟ್ರಿಂಗ್ ಹಲಗೆಗಳು ಒದ್ದೆಯಾಗಿ ಕೊಳೆಯುತ್ತ ಒಳಗಿನ ಆಮ್ಲಜನಕವನ್ನು ತಿಂದುಹಾಕುತ್ತವೆ. ಬಾವಿಯೊಳಗೆ ಡೀಸೆಲ್ ಯಂತ್ರವನ್ನಿಳಿಸಿ ನೀರೆತ್ತಿದರೆ ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ವಾಸನೆಯಿಲ್ಲದೆಯೇ ಕೊಲ್ಲುತ್ತದೆ.

ಒಬ್ಬನ ಹಿಂದೆ ಒಬ್ಬರು

ಇಂಥ ದುರಂತಗಳಲ್ಲಿ ಅತ್ಯಂತ ದಾರುಣವಾದುದು ಎರಡನೆಯ ಸಾವು. ತಂದೆ ಬಿದ್ದುದನ್ನು ಕಂಡು ಮಗನು ಇಳಿಯುತ್ತಾನೆ, ಅವನ ಹಿಂದೆ ತಮ್ಮನು ಇಳಿಯುತ್ತಾನೆ. ಒಂದೇ ಗಾಳಿಯು ಮೂವರನ್ನೂ ನುಂಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1986ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಇಂಥ ತಾಣಗಳಲ್ಲಿ ಮಡಿದವರ ಪೈಕಿ ಶೇಕಡಾ 60ಕ್ಕಿಂತ ಹೆಚ್ಚು ಮಂದಿ ಕಾಪಾಡಲು ಹೋದವರೇ ಎಂದು ತಿಳಿಸಿತು. ಕರುಳಿನ ಸೆಳೆತ ಸಹಜವಾದುದು, ಪೂಜ್ಯವಾದುದು. ಆದರೆ ವಿವೇಕವಿಲ್ಲದ ಕರುಣೆಯು ಬಿದ್ದವನನ್ನು ಉಳಿಸುವುದಿಲ್ಲ, ಉಳಿದವರನ್ನೂ ಕಳೆಯುತ್ತದೆ. ಮೇಲಿರುವವರು ಕೂಗಿ ಜನರನ್ನು ಕರೆಯಲಿ, 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ತಿಳಿಸಲಿ, ಸಾಧ್ಯವಿದ್ದರೆ ಒಳಗೆ ಗಾಳಿ ಊದಲಿ, ಹಗ್ಗ ಕಟ್ಟಿದ್ದರೆ ಮೇಲಕ್ಕೆಳೆಯಲಿ. ಉಸಿರಾಟದ ಸಲಕರಣೆ ಇಲ್ಲದವರು ಮಾತ್ರ ಎಂದಿಗೂ ಇಳಿಯಬಾರದು. ಮೇಲೆತ್ತಿದವನಿಗೆ ಉಸಿರಿಲ್ಲದಿದ್ದರೆ ಬಲ್ಲವರು ತಡಮಾಡದೆ ಎದೆಯನ್ನೊತ್ತುವ ಪ್ರಥಮ ಚಿಕಿತ್ಸೆಯನ್ನು ಆರಂಭಿಸಬೇಕು.

ಪಾಲಿಸಬೇಕಾದ ನಿಯಮಗಳು

ಮೊದಲನೆಯದಾಗಿ, ಇಳಿಯದೆಯೇ ಕೆಲಸವಾಗುವುದೇ ಎಂದು ವಿಚಾರಿಸಬೇಕು. ಶೌಚದ ಗುಂಡಿಗೆ ಹೀರುವ ಯಂತ್ರದ ಲಾರಿಯನ್ನು ತರಿಸಿದರೆ ಯಾರೂ ಇಳಿಯಬೇಕಾಗಿಲ್ಲ.

ಎರಡನೆಯದಾಗಿ, ಹಗೇವು, ತೊಟ್ಟಿಗಳ ಮುಚ್ಚಳಗಳನ್ನೆಲ್ಲ ತೆರೆದು ದೀರ್ಘಕಾಲ ಬಿಡಬೇಕು. ಬಾಯಿಯ ಬಳಿ ಫ್ಯಾನ್ ಇಟ್ಟರೆ ಸಾಲದು. ತಳ ಮುಟ್ಟುವ ಕೊಳವೆಯಿಂದ ಶುದ್ಧವಾದ ಗಾಳಿಯನ್ನು ಊದಬೇಕು, ಕೆಲಸ ಮುಗಿಯುವವರೆಗೂ ಊದುತ್ತಿರಬೇಕು. ಸಿಲಿಂಡರಿನ ಆಮ್ಲಜನಕವನ್ನು ಒಳಗೆ ಬಿಡಬಾರದು. ಅದರಿಂದ ಬೆಂಕಿಯ ಭಯ ಹೆಚ್ಚುತ್ತದೆ.

ಮೂರನೆಯದಾಗಿ, ಅನಿಲ ಅಳೆಯುವ ಮೀಟರಿನಿಂದ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ಪರೀಕ್ಷಿಸಬೇಕು. ಅದು ಇಲ್ಲದಿದ್ದರೆ, ಇರುವವರನ್ನು ಕರೆಸಬೇಕು.

ನಾಲ್ಕನೆಯದಾಗಿ, ಇಳಿಯುವವನು ಎದೆ, ತೊಡೆಗಳಿಗೆ ಭದ್ರವಾದ ಪಟ್ಟಿ ಕಟ್ಟಿ ಅದಕ್ಕೆ ಹಗ್ಗ ಬಿಗಿದಿರಬೇಕು. ಮೇಲೆ ರಾಟೆಯೂ, ಸ್ಥಳ ಬಿಟ್ಟು ಕದಲದ ಕಾವಲಿನವನೂ ಇರಬೇಕು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ಬರಿಯ ಭ್ರಮೆ. ಬಟ್ಟೆಯು ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು.

ಕಾನೂನು ಮತ್ತು ಧರ್ಮ

2013ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಂತೆ, ಸುರಕ್ಷಾ ಸಾಧನಗಳಿಲ್ಲದೆ ಚರಂಡಿ ಅಥವಾ ಶೌಚದ ಗುಂಡಿಯೊಳಗೆ ಮನುಷ್ಯನನ್ನು ಇಳಿಸುವುದು ದಂಡನೀಯ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದು ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಚರಂಡಿಯಲ್ಲಿ ಮಡಿದವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಧಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಆದರೆ ಹಣದಿಂದ ತೂಗಿದ ಜೀವ ಮರಳಿ ಬಂದುದುಂಟೆ? ದಿನಗೂಲಿಗಾಗಿ ಬಂದವನು ಅಪಾಯವನ್ನರಿತೂ ಇಲ್ಲವೆನ್ನಲಾರನು. ಅವನ ಬಡತನವೇ ಅವನ ಬಾಯಿ ಕಟ್ಟಿರುತ್ತದೆ. ಆದುದರಿಂದ ಬೇಡವೆನ್ನುವ ಹೊಣೆ ಕೆಲಸ ಹೇಳುವವನದು. ನಮ್ಮ ಮಗನನ್ನು ಇಳಿಸಲು ಮನಸ್ಸು ಬಾರದ ಗುಂಡಿಗೆ ಪರರ ಮಗನನ್ನೂ ಇಳಿಸಲಾಗದು. ಈ ಒಂದು ಅಳತೆಯನ್ನು ಪ್ರತಿ ಮನೆಯವರೂ ಇಟ್ಟುಕೊಂಡರೆ, ಗುಂಡಿಯ ಬಾಯಲ್ಲಿ ಕುಳಿತು ಗೋಳಿಡುವ ತಾಯಂದಿರು ಕಡಿಮೆಯಾದಾರು.