ನಿಮಗಿದು ಗೊತ್ತೇ? ಸಹಿ ಬಿದ್ದ ಚದುರಂಗ

● 2002ರ ಅಕ್ಟೋಬರ್‌ನಲ್ಲಿ ಚದುರಂಗದ ವಿಶ್ವಕಪ್ ನಡೆದದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಆಗ ಈಟಿವಿ ಕನ್ನಡದ ವಾರ್ತೆ ನಮ್ಮ ಮನೆಗಳಿಗೆ ಬರುತ್ತಿದ್ದುದೂ ಅದೇ ಆವರಣದಿಂದ!

● ಫೈನಲ್‌ನಲ್ಲಿ ವಿಶ್ವನಾಥನ್ ಆನಂದ್ ಅವರಿಗೆ ಸೋತವರು ಉಜ್ಬೆಕಿಸ್ತಾನದ ರುಸ್ತಮ್ ಕಾಸಿಮ್‌ಜಾನೊವ್. ಮಹಿಳಾ ವಿಭಾಗ ಗೆದ್ದವರು ಬಲ್ಗೇರಿಯಾದ ಆಂಟೊನೆಟಾ ಸ್ಟೆಫನೋವಾ. ಎರಡೇ ವರ್ಷ, 2004ರಲ್ಲಿ ಈ ಇಬ್ಬರೂ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ವಿಶ್ವ ಚಾಂಪಿಯನ್ನರಾದರು. ಸೋತವರ ಮುಂದೆಯೂ ಸಹಿಗಾಗಿ ಪುಸ್ತಕ ಹಿಡಿಯಬೇಕು ಎನ್ನುವುದು ಇದಕ್ಕೇ.

● ಚದುರಂಗದಲ್ಲಿ ಸಹಿ ಹಾಕುವುದು ಅಭಿಮಾನಿಗಳ ಒತ್ತಾಯಕ್ಕಷ್ಟೇ ಅಲ್ಲ, ನಿಯಮವೂ ಹೌದು. ಆಟ ಮುಗಿದ ಮೇಲೆ ಫಲಿತಾಂಶ ಬರೆದು, ನಡೆಗಳನ್ನು ದಾಖಲಿಸಿದ ಎರಡೂ ಸ್ಕೋರ್‌ಶೀಟ್‌ಗಳಿಗೆ ಇಬ್ಬರೂ ಸಹಿ ಹಾಕಬೇಕು. ಆದರೆ ಆ ಹಾಳೆ ಸಂಘಟಕರ ಸ್ವತ್ತು. ಆಟಗಾರರ ಕೈಯಲ್ಲಿ ಉಳಿಯುವುದು ಸಾಮಾನ್ಯವಾಗಿ ಅಡಿಯ ನಕಲು ಪ್ರತಿ. ನನ್ನನ್ನು ಕೇಳಿದರೆ, ಫೋಟೊ ಮೇಲಿನ ಸಹಿಗಿಂತ ಇದು ನೂರು ಪಾಲು ಮೇಲು. ಇದರಲ್ಲಿ ಇಡೀ ಆಟವೇ ಇರುತ್ತದೆ. ಮೊದಲ ಹತ್ತು ನಡೆ ದುಂಡಗಿನ ಅಕ್ಷರದಲ್ಲಿ. ಗಡಿಯಾರ ಓಡಿದಂತೆ ಅಕ್ಷರ ವಾಲುತ್ತದೆ, ಸಾಲು ತಪ್ಪುತ್ತದೆ, ಅಲ್ಲಲ್ಲಿ ಗೀಚಿ ತಿದ್ದಿದ ಗುರುತು. ಎದೆ ಹೊಡೆದುಕೊಂಡದ್ದು ಕಾಗದದ ಮೇಲೇ ಕಾಣುತ್ತದೆ.

● ಹಳೆಯ ರಷ್ಯನ್ ಸ್ಕೋರ್‌ಶೀಟ್ ಸಿಕ್ಕರೆ ಓದುವಾಗ ಎಚ್ಚರ! ಇಂಗ್ಲಿಷಿನಲ್ಲಿ ‘ಕೆ’ ಅಂದರೆ ರಾಜ. ರಷ್ಯನ್ನರ ‘ಕ’ ಅಂದರೆ ಕುದುರೆ. ಕನ್ನಡಿಗರಿಗೆ ನೆನಪಿಡುವುದು ಸುಲಭ.

● ಚದುರಂಗದ ಮೊದಲ ಅಂಚೆಚೀಟಿ ಬಲ್ಗೇರಿಯಾದ್ದು, 1947ರಲ್ಲಿ.

● ಅಸಲಿ ಸಹಿಯೋ, ಅಚ್ಚೋ? ಭೂತಗನ್ನಡಿ ಹಿಡಿಯಿರಿ. ಅಚ್ಚಾದರೆ ಸಣ್ಣ ಸಣ್ಣ ಚುಕ್ಕಿಗಳು ಕಾಣಬಹುದು. ಬಾಲ್‌ಪೆನ್ನಿನದಾದರೆ ಕಾಗದದ ಹಿಂಬದಿಗೆ ಬೆರಳಾಡಿಸಿ, ಒತ್ತು ತಾಗುತ್ತದೆ. ಕಟ್ಟು ಹಾಕಿಸಿದರೆ ಬಿಸಿಲು ಬೀಳುವ ಗೋಡೆ ಬೇಡ, ಶಾಯಿ ಮಾಸುತ್ತದೆ.

● 2024ರ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತಕ್ಕೆ ಮುಕ್ತ, ಮಹಿಳಾ ಎರಡೂ ವಿಭಾಗದ ಚಿನ್ನ. ಆ ಎರಡು ತಂಡಗಳ ಹತ್ತು ಮಂದಿಯಲ್ಲಿ ಮೂವರು ತೆಲುಗು ನೆಲದವರು: ವಾರಂಗಲ್‌ನ ಅರ್ಜುನ್ ಎರಿಗೈಸಿ, ಗುಂಟೂರಿನ ಪೆಂಟಾಲ ಹರಿಕೃಷ್ಣ ಮತ್ತು ದ್ರೋಣವಲ್ಲಿ ಹಾರಿಕಾ. ಆನಂದ್ ನಂತರ 2800 ರೇಟಿಂಗ್ ದಾಟಿದ ಎರಡನೇ ಭಾರತೀಯ ಅರ್ಜುನ್.

● ನಮ್ಮವರದೂ ಬೇಕಲ್ಲ? ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಮೈಸೂರಿನ ತೇಜ್‌ಕುಮಾರ್, 2017ರಲ್ಲಿ.

● ಸಹಿಯ ಪಕ್ಕದಲ್ಲಿ ಊರು, ತಾರೀಕು ಬರೆಸಿಕೊಳ್ಳಿ. ಯಾಕೆ ಗೊತ್ತೇ? ಗುಡಿವಾಡದ ಕೊನೇರು ಹಂಪಿ 2002ರಲ್ಲಿ ಗ್ರ್ಯಾಂಡ್ ಮಾಸ್ಟರ್ ಆದಾಗ ವಯಸ್ಸು 15. ಅಷ್ಟು ಚಿಕ್ಕ ವಯಸ್ಸಿಗೆ ಆ ಪಟ್ಟ ಪಡೆದ ಹೆಣ್ಣುಮಗಳು ಅದುವರೆಗೆ ಯಾರೂ ಇರಲಿಲ್ಲ. 2019 ಮತ್ತು 2024ರಲ್ಲಿ ಅವರು ವಿಶ್ವ ರ‍್ಯಾಪಿಡ್ ಚಾಂಪಿಯನ್. ‘2002’ ಎಂದು ಬರೆದಿರುವ ಹಂಪಿಯವರ ಸಹಿ ನಿಮ್ಮ ಅಟ್ಟದ ಪೆಟ್ಟಿಗೆಯಲ್ಲೇನಾದರೂ ಇದೆಯೇ? ಇವತ್ತೇ ಹುಡುಕಿ ನೋಡಿ.