ಯೆಹೂದ್ಯ ಸಾಹಿತ್ಯದಲ್ಲಿ ದುಡಿಯುವ ವೃದ್ಧೆ

ಯಾವ ಜನಾಂಗದ ಸಾಹಿತ್ಯವನ್ನು ತೆಗೆದುಕೊಂಡರೂ ಅದರಲ್ಲಿ ಮುದುಕಿಯರ ಚಿತ್ರಗಳಿಗೆ ಕೊರತೆಯಿಲ್ಲ. ಕಥೆ ಹೇಳುವ ಅಜ್ಜಿ, ಸೊಸೆಯನ್ನು ಕಾಡುವ ಅತ್ತೆ, ಶಾಪವೀಯುವ ಭಿಕ್ಷುಕಿ ಇವರೆಲ್ಲರೂ ನಮಗೆ ಪರಿಚಿತರು. ಆದರೆ ಮುಪ್ಪಿನಲ್ಲಿಯೂ ತನ್ನ ಕೈದುಡಿಮೆಯಿಂದಲೇ ಬಾಳುವ ಬಡ ಹೆಂಗಸನ್ನು ಕಥೆಯ ನಡುವೆ ನಿಲ್ಲಿಸಿ, ಆಕೆಯನ್ನು ಕನಿಕರಕ್ಕೆ ಗುರಿಮಾಡದೆ ಗೌರವಕ್ಕೆ ಪಾತ್ರಳನ್ನಾಗಿಸುವುದು ಸುಲಭದ ಕಾರ್ಯವಲ್ಲ. ಯೆಹೂದ್ಯ ಸಾಹಿತ್ಯವು ಇದನ್ನು ಸಾಧಿಸಿದ ಬಗೆಯನ್ನು ಕೆಲವು ಕೃತಿಗಳ ಆಧಾರದಿಂದ ಇಲ್ಲಿ ವಿವೇಚಿಸುತ್ತೇವೆ.

ಈ ಸಾಹಿತ್ಯದ ಹಿನ್ನೆಲೆಯಲ್ಲಿ ಎರಡು ಪ್ರಾಚೀನ ವಚನಗಳಿವೆ. ಮೊದಲನೆಯದು ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಬರುವ ಸಾಧ್ವಿಯ ಪ್ರಶಂಸೆ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಒಂದೊಂದರಂತೆ ರಚಿತವಾದ ಈ 22 ವಚನಗಳಲ್ಲಿ ಇರುಳಿನಲ್ಲೆದ್ದು ದುಡಿಯುವ, ನೂಲುವ, ಹೊಲವನ್ನು ಕೊಳ್ಳುವ ಗೃಹಿಣಿಯ ವರ್ಣನೆಯಿದೆ. ಸಬ್ಬತ್ತಿನ ಹಿಂದಿನ ಸಂಜೆ, ಎಂದರೆ ಶುಕ್ರವಾರ ಸಂಜೆ, ಮನೆಗಳಲ್ಲಿ ಇದನ್ನು ಹಾಡುವ ಸಂಪ್ರದಾಯ ಇಂದಿಗೂ ಉಂಟು. ಎರಡನೆಯದು ನರೆಗೂದಲಿನವರ ಮುಂದೆ ಎದ್ದು ನಿಲ್ಲಬೇಕೆಂಬ ಯಾಜಕಕಾಂಡದ ವಿಧಿ. ಒಂದು ದುಡಿಮೆಯನ್ನು ಹೊಗಳಿತು, ಇನ್ನೊಂದು ವೃದ್ಧಾಪ್ಯವನ್ನು ಗೌರವಿಸಿತು. ಆದರೆ ಮೊದಲನೆಯ ವಚನಗಳ ನಾಯಕಿ ದಾಸಿಯರನ್ನುಳ್ಳ, ಗಂಡ ಮಕ್ಕಳೊಡನೆ ತುಂಬಿದ ಮನೆಯ ಒಡತಿ. ಮನೆಯೂ ಇಲ್ಲದ, ಮಕ್ಕಳ ಆಸರೆಯೂ ಇಲ್ಲದ ಮುದುಕಿಯ ದುಡಿಮೆಗೆ ಸ್ತೋತ್ರವನ್ನು ಕಟ್ಟುವ ಹೊಣೆಯನ್ನು ಮುಂದಿನ ಗದ್ಯಲೇಖಕರು ಹೊರಬೇಕಾಯಿತು.

ಈ ದಾರಿಯಲ್ಲಿ ಮೊದಲು ಸ್ಮರಿಸಬೇಕಾದವಳು ಹಾಮೆಲ್ನಿನ ಗ್ಲಿಕ್ಲ್. ಹ್ಯಾಂಬರ್ಗಿನಲ್ಲಿ ಹುಟ್ಟಿದ ಈಕೆ 1689ರಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ವ್ಯಾಪಾರದ ಭಾರವನ್ನು ತಾನೇ ವಹಿಸಿ, ಜಾತ್ರೆಗಳಿಗೆ ಪ್ರಯಾಣಮಾಡಿ, ಮಕ್ಕಳನ್ನು ದಡ ಸೇರಿಸಿದಳು. 1691ರಲ್ಲಿ ಆಕೆ ಯಿಡ್ಡಿಷ್ ಭಾಷೆಯಲ್ಲಿ ಬರೆಯತೊಡಗಿದ ಆತ್ಮವೃತ್ತಾಂತ 1896ರಲ್ಲಿ ಅಚ್ಚಾಯಿತು. ಈಕೆ ಬಡವಳಾಗಿ ಬಾಳನ್ನು ಆರಂಭಿಸಿದವಳಲ್ಲ. ಆದರೆ 1700ರಲ್ಲಿ ಮರುಮದುವೆಯಾಗಿ ಮೆಟ್ಸ್ ನಗರಕ್ಕೆ ಬಂದ ಎರಡೇ ವರ್ಷಗಳಲ್ಲಿ ಎರಡನೆಯ ಗಂಡ ದಿವಾಳಿಯಾದುದರಿಂದ ಸಿರಿಯೆಲ್ಲ ಕರಗಿತು. ಆತನೂ ತೀರಿಕೊಂಡ ಮೇಲೆ ಸಣ್ಣದೊಂದು ಕೋಣೆಯಲ್ಲಿ ಕಷ್ಟದಿಂದ ದಿನ ಕಳೆದಳೇ ಹೊರತು ಮಗಳ ಮನೆಗೆ ಹೋಗಲು ಬಹುಕಾಲ ಒಪ್ಪಲಿಲ್ಲ. ಮಕ್ಕಳಿಗೆ ಹೊರೆಯಾಗಬಾರದೆಂಬ ಆತಂಕ ಆಕೆಯ ಬರಹದ ಉದ್ದಕ್ಕೂ ಕೇಳಿಬರುತ್ತದೆ. ಈ ಸ್ವರವೇ ಮುಂದೆ ಬಡವರ ಬಾಯಲ್ಲಿ ಇನ್ನೂ ಸ್ಪಷ್ಟವಾಗಿ ಮೂಡಿತು.

ಅದರ ಅತ್ಯುತ್ತಮ ನಿದರ್ಶನವು ಐಸಾಕ್ ಬಾಷೆವಿಸ್ ಸಿಂಗರ್ ಬರೆದ, ಬಟ್ಟೆ ಒಗೆಯುವ ಮುದುಕಿಯೊಬ್ಬಳ ಚಿತ್ರ. 1978ರಲ್ಲಿ ನೊಬೆಲ್ ಬಹುಮಾನ ಪಡೆದ ಈ ಯಿಡ್ಡಿಷ್ ಲೇಖಕರು ವಾರ್ಸಾದ ಕ್ರೋಖ್ಮಲ್ನಾ ಬೀದಿಯಲ್ಲಿ ಕಳೆದ ಬಾಲ್ಯವನ್ನು ಕುರಿತು ಬರೆದ ಸ್ಮೃತಿಗಳು 1956ರಲ್ಲಿ ಗ್ರಂಥರೂಪ ತಾಳಿದುವು. 1966ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವುಗಳ ಅನುವಾದದಲ್ಲಿ ಈ ಚಿತ್ರವಿದೆ. ಸಿಂಗರರ ತಂದೆ ಆ ಬೀದಿಯ ಧರ್ಮಗುರು. ಮುದುಕಿಯಾದರೋ ಯೆಹೂದ್ಯಳಲ್ಲ, ರೈತಮೂಲದ ಕ್ರೈಸ್ತ ಹೆಂಗಸು, ಎಪ್ಪತ್ತನ್ನು ದಾಟಿದವಳು. ಆಕೆಯ ಹೆಸರು ಕೂಡ ನಮಗೆ ತಿಳಿಯುವುದಿಲ್ಲ.

ಲೇಖಕರು ಆಕೆಯ ಗುಣಗಳನ್ನು ಪಟ್ಟಿಮಾಡುವುದಕ್ಕೆ ಮುಂಚೆ ಆಕೆಯ ಕೆಲಸವನ್ನು ವರ್ಣಿಸುತ್ತಾರೆ. ಮನೆಯಲ್ಲಿ ನಲ್ಲಿಯಿಲ್ಲ, ನೀರನ್ನು ಪಂಪಿನಿಂದ ಹೊತ್ತು ತರಬೇಕು. ಬಟ್ಟೆಯನ್ನು ನೆನೆಹಾಕಿ, ಉಜ್ಜಿ, ಹಂಡೆಯಲ್ಲಿ ಕುದಿಸಿ, ಗಂಜಿ ಹಾಕಿ, ಇಸ್ತ್ರಿ ಮಾಡಬೇಕು. ಹೊರಗೆ ಒಣಹಾಕಿದರೆ ಕಳ್ಳರ ಭಯ. ಆದುದರಿಂದ ಹಿಂಡಿದ ಬಟ್ಟೆಯನ್ನು ಅಟ್ಟಕ್ಕೆ ಹೊತ್ತು ಹರವಬೇಕು. ಚಳಿಗಾಲದಲ್ಲಿ ಅದು ಅಲ್ಲಿಯೇ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಹೀಗೆ ಒಂದೊಂದು ಬಟ್ಟೆಯೂ ಹಲವು ಸಲ ಆ ಮುದಿಕೈಗಳನ್ನು ಹಾದುಹೋಗುತ್ತದೆ. ಶ್ರಮವನ್ನು ಹೀಗೆ ಹಂತಹಂತವಾಗಿ ಕಂಡ ವಾಚಕನಿಗೆ ಆ ಕೆಲಸ ಕೀಳೆಂದು ತೋರುವ ಸಂಭವವೇ ಉಳಿಯುವುದಿಲ್ಲ.

ಆಕೆಗೆ ಸಿರಿವಂತನಾದ ಮಗನಿದ್ದಾನೆ. ತಾಯಿಯೆಂದರೆ ಅವನಿಗೆ ನಾಚಿಕೆ. ತನ್ನ ಮದುವೆಗೂ ಅವನು ಆಕೆಯನ್ನು ಕರೆಯಲಿಲ್ಲ. ಆಕೆ ಚರ್ಚಿನ ಬಳಿ ಕಾದುನಿಂತು ವಧೂವರರನ್ನು ನೋಡಿಬಂದಳು. ಇಷ್ಟಾದರೂ ಅವನನ್ನು ಹಳಿಯುವವಳು ಆಕೆಯಲ್ಲ. ಒಂದು ಕಠಿನವಾದ ಚಳಿಗಾಲದಲ್ಲಿ ತನಗಿಂತ ದೊಡ್ಡದಾದ ಗಂಟನ್ನು ಹೊತ್ತು ಹೋದ ಆಕೆ ವಾರಗಟ್ಟಲೆ ಹಿಂದಿರುಗಲಿಲ್ಲ. ಧರ್ಮಗುರುವಿನ ಮನೆಯವರು ಆಕೆಯ ಮೇಲಿನ ಮಮತೆಯಿಂದಲೂ, ಉಡಲು ಬಟ್ಟೆಯಿಲ್ಲದ ಇಕ್ಕಟ್ಟಿನಿಂದಲೂ ಚಿಂತಿಸಿದರು. ಆಕೆಯ ವಿಳಾಸ ಯಾರಿಗೂ ತಿಳಿಯದು. ಕಡೆಗೊಂದು ಸಂಜೆ ಆಕೆ ಒಗೆದ ಬಟ್ಟೆಗಳೊಡನೆ ತತ್ತರಿಸುತ್ತ ಬಂದಳು. ಸಾಯುವ ಸ್ಥಿತಿಯನ್ನು ಮುಟ್ಟಿ, ಪಾದ್ರಿಯನ್ನೂ ಕರೆಸಿದ್ದಾಯಿತು. ಮಗ ಶವಪೆಟ್ಟಿಗೆಗೆ ಹಣ ಕೊಟ್ಟಿದ್ದಾಯಿತು. ಆದರೆ ಒಪ್ಪಿಸಬೇಕಾದ ಬಟ್ಟೆ ಆಕೆಯನ್ನು ಸಾಯಗೊಡಲಿಲ್ಲ. ದೀರ್ಘಾಯುಸ್ಸನ್ನು ಹಾರೈಸಿದ ಮನೆಯೊಡತಿಗೆ ಆಕೆ ಕೊಟ್ಟ ಉತ್ತರ, ಯಾರಿಗೂ ಭಾರವಾಗಿ ಬದುಕುವುದು ಬೇಡವೆಂದು. ಮತ್ತೆ ಬರುವೆನೆಂದು ಹೇಳಿಹೋದವಳು ಬರಲೇ ಇಲ್ಲ.

ಆಕೆಯನ್ನು ಎಬ್ಬಿಸಿದ್ದು ಕೂಲಿಯ ಆಸೆಯಲ್ಲ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ‘ಋಣ’. ಕೈಗೆ ಬಂದ ಅನ್ಯರ ವಸ್ತುವನ್ನು ಒಪ್ಪಿಸದೆ ಹೋಗಬಾರದೆಂಬುದೇ ಆಕೆಯ ಘನತೆ. ಸಿಂಗರರು ಅದನ್ನು ಮತದ ಗಡಿಯಾಚೆಯೂ ಗುರುತಿಸಿದರೆಂಬುದು ಗಮನಾರ್ಹ. ವಿದ್ಯೆಗೆ ಅಗ್ರಸ್ಥಾನವನ್ನಿತ್ತ ಧರ್ಮಗುರುವಿನ ಕುಟುಂಬದ ಕಥನದಲ್ಲಿ, ಅನ್ಯಮತದ ಈ ಕೂಲಿಹೆಂಗಸಿಗೆ ಸ್ವರ್ಗದಲ್ಲಿ ಸ್ಥಾನವಿರಲೇಬೇಕೆಂಬುದು ಲೇಖಕರ ನಿಲವು.

ಇದೇ ಋಣಭಾವವು 1950ರಲ್ಲಿ ಪ್ರಕಟವಾದ ಅಗ್ನಾನರ ‘ತೆಹಿಲಾ’ ಎಂಬ ಹೀಬ್ರೂ ಕಥೆಯಲ್ಲಿ ಇನ್ನೊಂದು ರೂಪ ತಾಳಿದೆ. ಅಗ್ನಾನರು 1966ರ ನೊಬೆಲ್ ಬಹುಮಾನವನ್ನು ನೆಲ್ಲಿ ಸಾಕ್ಸ್ ಅವರೊಡನೆ ಹಂಚಿಕೊಂಡವರು. ಜೆರೂಸಲೇಮಿನ ಹಳೆಯ ಪಟ್ಟಣದಲ್ಲಿ ವಾಸಿಸುವ ತೆಹಿಲಾಳಿಗೆ 104 ವರ್ಷ. ರೋಗಿಗಳನ್ನೂ ಬಡವರನ್ನೂ ಉಪಚರಿಸುತ್ತ ಸದಾ ನಡೆದಾಡುವ ಈಕೆ, ಮನುಷ್ಯನ ಪಾಲಿನ ಮಾತುಗಳಿಗೆ ಎಣಿಕೆಯುಂಟೆಂದು ನಂಬಿ ಮಿತವಾಗಿ ಮಾತನಾಡುತ್ತಾಳೆ. ಬಾಲ್ಯದಲ್ಲಿ ಷ್ರಗಾ ಎಂಬ ಹುಡುಗನೊಡನೆ ಆಗಿದ್ದ ನಿಶ್ಚಿತಾರ್ಥವನ್ನು, ಅವನು ಹಸಿದೀ ಪಂಥವನ್ನು ಸೇರಿದನೆಂದು ಆಕೆಯ ತಂದೆ ಮುರಿದಿದ್ದ, ಕ್ಷಮೆಯನ್ನು ಕೇಳಿರಲಿಲ್ಲ. ಆ ಬಾಕಿಯನ್ನು ತೀರಿಸಲು ತೆಹಿಲಾ ಒಂದು ಪತ್ರವನ್ನು ಬರೆಯಿಸಿ, ಮಣ್ಣಿನ ಪಾತ್ರೆಯಲ್ಲಿಟ್ಟು, ತನ್ನೊಡನೆ ಸಮಾಧಿಗೆ ಒಯ್ಯಲು ಏರ್ಪಡಿಸುತ್ತಾಳೆ. ಒಬ್ಬಳು ಬಟ್ಟೆಯ ಗಂಟನ್ನು ಒಪ್ಪಿಸಿದಳು. ಇನ್ನೊಬ್ಬಳು ಕ್ಷಮಾಯಾಚನೆಯನ್ನು ಒಪ್ಪಿಸಹೊರಟಳು.

ಈ ಎರಡು ಚಿತ್ರಗಳಿಗೂ ಸಮಾನವಾದ ಇನ್ನೊಂದು ಸಂಗತಿಯುಂಟು. ಸಿಂಗರರ ಸ್ಮೃತಿಗಳು ಹೊರಬರುವ ವೇಳೆಗೆ ವಾರ್ಸಾದ ಯೆಹೂದ್ಯ ಜನಜೀವನವು ನಾಜಿಗಳ ಕೈಯಲ್ಲಿ ನಾಶವಾಗಿ ಹೋಗಿತ್ತು. ‘ತೆಹಿಲಾ’ ಪ್ರಕಟವಾಗುವ ಮೊದಲೇ, 1948ರ ಯುದ್ಧದಲ್ಲಿ, ಜೆರೂಸಲೇಮಿನ ಹಳೆಯ ಪಟ್ಟಣದ ಯೆಹೂದ್ಯ ಕೇರಿ ಬರಿದಾಗಿತ್ತು. ಲೇಖಕರಿಗೂ ಒಂದು ಋಣವಿತ್ತು. ಗತಿಸಿಹೋದ ಬೀದಿಗಳಲ್ಲಿ ದುಡಿದು ಮಡಿದವರನ್ನು ಯಥಾವತ್ತಾಗಿ ಮುಂದಿನವರಿಗೆ ಒಪ್ಪಿಸುವುದೇ ಆ ಋಣ.

ತರಗತಿಗಳಲ್ಲಿ ಇಂಥ ಬರಹಗಳನ್ನು ಓದಿದಾಗ ವಿದ್ಯಾರ್ಥಿಗಳಲ್ಲಿ ಮೊದಲು ಹುಟ್ಟುವ ಭಾವ ‘ಅಯ್ಯೋ ಪಾಪ’ ಎಂಬುದು. ಅದು ಸಹಜವಾದರೂ ಅಲ್ಲಿಯೇ ನಿಲ್ಲುವುದು ಉಚಿತವಲ್ಲ. ಕನಿಕರಪಡುವವನು ಮೇಲೆ ನಿಂತು ಕೆಳಗೆ ನೋಡುತ್ತಾನೆ. ಈ ವೃದ್ಧೆಯರು ಯಾರಿಂದಲೂ ಏನನ್ನೂ ಬೇಡಿದವರಲ್ಲ. ತಾವು ಸಲ್ಲಿಸಬೇಕಾದುದನ್ನು ಸಲ್ಲಿಸಲು ಹೆಣಗಿದವರು. ಅವರನ್ನು ಓದುವಾಗ, ಯಾಜಕಕಾಂಡದ ವಿಧಿಯಂತೆ, ನಾವು ಎದ್ದು ನಿಲ್ಲುವುದೇ ಯೋಗ್ಯ.