ಎಲೆ ಕಂದಿದ ಕುಂಡ ಮತ್ತು ಉಳ್ಳಾಗಡ್ಡಿ ಹೊಲದ ಕಣ್ಣು

ಹಾವೇರಿ ತಾಲ್ಲೂಕಿನ ಗುತ್ತಲದ ಕಡೆ ಉಳ್ಳಾಗಡ್ಡಿ ಬೆಳೆಯುವ ರೈತರು ಎಲೆ ಒಣಗಿತೆಂದು ಸುಮ್ಮಸುಮ್ಮನೆ ಗಾಬರಿಯಾಗುವುದಿಲ್ಲ. ಅರ್ಧದಷ್ಟು ಗಿಡಗಳ ಕುತ್ತಿಗೆ ಮೆತ್ತಗಾಗಿ ಸೊಪ್ಪು ನೆಲಕ್ಕೆ ಬಾಗಿತೆಂದರೆ ಗಡ್ಡಿ ಬಲಿತಿದೆ ಎಂದೇ ಲೆಕ್ಕ. ನೀರಾವರಿ ಹೊಲವಾದರೆ ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಿರುತ್ತಾರೆ. ಅಂಗಳದ ಕುಂಡದಲ್ಲಿ ಗಡ್ಡೆಯಿಂದ ಬೆಳೆಯುವ ಮೇ ಹೂವಿನ ಎಲೆ ಕಂದಿದರೆ ಮಾತ್ರ ನಾವು ಚೊಂಬುಗಟ್ಟಲೆ ನೀರು ಸುರಿಯುತ್ತೇವೆ. ಹೊಲದ ಆ ಕಣ್ಣು ಅಂಗಳಕ್ಕೂ ಬರಬೇಕು.

ಗಡ್ಡೆಯೆಂದರೆ ಗಿಡದ ಹಗೇವು. ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಕೆಳಗಿಳಿದು ಅಲ್ಲಿ ಕೂಡುತ್ತದೆ. ಮುಂದಿನ ಹೂವಿಗೆ ಅದೇ ಬಂಡವಾಳ. ಕಾಲ ಮುಗಿದಾಗ ಎಲೆ ತನ್ನಲ್ಲಿರುವ ಸಾರಜನಕವನ್ನೂ ಆದಷ್ಟು ಕೆಳಗೆ ಕಳಿಸಿಯೇ ಒಣಗುತ್ತದೆ. ಹಾಗಾಗಿ ಸಹಜವಾಗಿ ಒಣಗುವ ಎಲೆಗೆ ಒಂದು ಕ್ರಮವಿದೆ: ಮೊದಲು ಹೊರಗಿನ ಹಳೆಯ ಎಲೆ, ಅದರಲ್ಲೂ ತುದಿ, ಹಸಿರು ಹೋಗಿ ಹಳದಿ, ಆಮೇಲೆ ಕಂದು. ಅರೆಹಸಿರು ಎಲೆಯನ್ನು ಅಂದಕ್ಕೆಂದು ಕತ್ತರಿಸಿದರೆ ಗಡ್ಡೆಗೆ ಇಳಿಯಬೇಕಾದದ್ದನ್ನೇ ತಪ್ಪಿಸಿದಂತೆ. ಪೂರ್ತಿ ಒಣಗಿದ ಎಲೆ ತುಸು ಎಳೆದರೆ ತಾನೇ ಕೈಗೆ ಬರುತ್ತದೆ.

ಈ ಕ್ರಮ ತಪ್ಪಿದಾಗ ಎಚ್ಚರವಾಗಬೇಕು. ನಡುವಿನ ಎಳೆ ಎಲೆಯೇ ಬುಡದಿಂದ ಕಂದಿದರೆ ಮಣ್ಣು ಸರಿಸಿ, ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಿದ್ದರೆ ಭಯವಿಲ್ಲ. ಬೆರಳು ಒಳಗಿಳಿದು ಹುಳಿವಾಸನೆ ಬಂದರೆ ಅದು ಕೊಳೆತ. ನಮ್ಮ ಎರೆಮಣ್ಣನ್ನೇ ಕುಂಡಕ್ಕೆ ತುಂಬುವವರಲ್ಲಿ ಇದು ಹೆಚ್ಚು. ಆ ಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಗಡ್ಡೆ ಕಿತ್ತು, ಮೆತ್ತಗಾದ ಪದರಗಳನ್ನು ಬಿಳಿಯ ಗಟ್ಟಿ ಭಾಗ ಸಿಗುವವರೆಗೂ ತೆಗೆದು, ನಾಲ್ಕಾರು ದಿನ ನೆರಳಲ್ಲಿ ಒಣಗಿಸಿ. ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ಬೆರೆಸಿ, ಕುತ್ತಿಗೆ ಮಣ್ಣಿನ ಮೇಲೆಯೇ ಉಳಿಯುವಂತೆ ಮತ್ತೆ ನೆಡಿ.

ಬರೀ ತುದಿಗಳು ಸುಟ್ಟಂತಾಗಿದ್ದರೆ ಬಹಳ ಸಲ ಕೊಳವೆಬಾವಿಯ ಸವುಳು ನೀರು ಅಥವಾ ಅತಿಯಾದ ಗೊಬ್ಬರ ಕಾರಣ. ಮಳೆನೀರನ್ನು ಧಾರಾಳವಾಗಿ ಹಾಕಿ ಕೆಳಗಿನಿಂದ ಹರಿದುಹೋಗಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ. ದೊಡ್ಡ ಕೆಂಪು ಲಿಲ್ಲಿಯ ಎಲೆ, ಹೂದಂಟುಗಳ ಮೇಲೆ ತುಕ್ಕಿನ ಬಣ್ಣದ ಮಚ್ಚೆ ಕಂಡರೆ ಅದು ಶಿಲೀಂಧ್ರ. ಉಳ್ಳಾಗಡ್ಡಿಯನ್ನು ಕಾಡುವ ನೇರಳೆ ಮಚ್ಚೆ ರೋಗದಂತೆ ಇದಕ್ಕೂ ಎಲೆಯ ತೇವವೇ ಬೇಕು. ಮಚ್ಚೆ ಬಿದ್ದ ಎಲೆ ತೆಗೆಯಿರಿ, ನೀರನ್ನು ಮಣ್ಣಿಗಷ್ಟೇ ಹಾಕಿ. ಎಲೆಯೊಳಗೆ ಪೊಳ್ಳಾಗಿ ಪಾರದರ್ಶಕ ಪಟ್ಟೆ ಕಂಡು ಆಮೇಲೆ ಕಂದಾದರೆ ಹುಳ ಹುಡುಕಿ: ಕಪ್ಪು ಮೈ, ಬಿಳಿ ಚುಕ್ಕೆ. ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿದರೆ ಸಾಕು.

ಚಳಿಗಾಲದಲ್ಲಿ ಬರಿದಾದ ಮೇ ಹೂವಿನ ಕುಂಡವನ್ನು ದಯವಿಟ್ಟು ತಿಪ್ಪೆಗೆ ಸುರಿಯಬೇಡಿ. ನೆರಳಲ್ಲಿ ಒಣಗಲು ಬಿಡಿ. ಏಪ್ರಿಲ್‌ನಲ್ಲಿ ಅಡ್ಡಮಳೆ ಬಿದ್ದ ಮೇಲೆ ನೀರು ಶುರುಮಾಡಿ.